ಚೀಟಿಗೊಂದು ಕಿಲೋ

“ಹದಿನೇಳು ಕ್ವಿಂಟಲ್ ಕಾಳು ಗಾಳಿಗಿ ಹಾರಿ ಹೋಗ್ತದೇನು?”

ಪ್ರಶ್ನೆ ಯಾರಿಗೂ ಕೇಳಿದ್ದಲ್ಲ. ಬೀದರಿನ ಗಾಂಧಿ ಗಂಜ ಠಾಣೆಯ ಪಡಸಾಲೆಯಲ್ಲಿ, ಗೋಡೆಯ ಕ್ಯಾಲೆಂಡರಿನ ಎದುರು ನಿಂತು ಅಮಿತಕುಮಾರ ಜೋರಾಗಿ ಅಂದಿದ್ದ. ವೈರ್‌ಲೆಸ್ ಸೆಟ್ಟು ಒಮ್ಮೆ ಗೊರಗೊರ ಅಂತು. ಹೊರಗೆ ಹಮಾಲರು ಕೈಗಾಡಿ ತಳ್ಳುತ್ತ ಬೈದಾಡುತ್ತಿದ್ದರು. ಅಂದು 2025ರ ಜನವರಿ 9, ಗುರುವಾರ. ಸಮಯ ಬೆಳಿಗ್ಗೆ 10:40.

ಅಮಿತಕುಮಾರನಿಗೆ ವಯಸ್ಸು ಇಪ್ಪತ್ತೊಂಬತ್ತು. ಕಾಳು ಬೆಳೆಗಾರರ ಸಹಕಾರಿ ಸಂಘವೊಂದರ ವ್ಯವಸ್ಥಾಪಕ. ಸಂಘ ಹುಟ್ಟಿ ಹದಿಮೂರು ತಿಂಗಳು. ಭಾಲ್ಕಿ, ಸಂತಪುರ, ಎಕಂಬಾ ಈ ಮೂರು ಕಡೆ ಸರದಿಯಂತೆ ಖರೀದಿ ದಿನ ಇಟ್ಟು, ರೈತರಿಂದ ಹೆಸರು, ಉದ್ದು, ತೊಗರಿ ಕೊಂಡು, ಗಂಜಿನ, ಎಂದರೆ ಧಾನ್ಯಪೇಟೆಯ, ಗೋದಾಮಿಗೆ ಸಾಗಿಸುವುದು ಅದರ ಕೆಲಸ. ಊರಲ್ಲಿ ತೂಗಿದ ತೂಕಕ್ಕೂ ಗೋದಾಮಿನಲ್ಲಿ ತೂಗಿದ ತೂಕಕ್ಕೂ ಪ್ರತಿ ಲೋಡಿನಲ್ಲಿ ಅಂತರ ಬರುತ್ತಿತ್ತು. ತೊಂಬತ್ತಾರು ಲೋಡು ಸೇರಿ ಕಮ್ಮಿ ಬಿದ್ದದ್ದು ಹದಿನೇಳು ಕ್ವಿಂಟಲ್.

ಇನ್ಸ್‌ಪೆಕ್ಟರ್ ಮಲ್ಲಿಕಾರ್ಜುನಪ್ಪ ಅವನನ್ನು ಒಳಗೆ ಕರೆದರು. ಐವತ್ತರ ಹತ್ತಿರದ ಮನುಷ್ಯ. ಮಾತು ಕಡಿಮೆ, ಕೇಳುವುದು ಹೆಚ್ಚು.

“ಯಾರ ಮ್ಯಾಲೆ ಸಂಶಯ?”

“ಸಂಶಯ ಅಲ್ರಿ ಸರ್, ಸಾಬೀತು,” ಎಂದು ಅಮಿತಕುಮಾರ ಒಂದು ಹಾಳೆ ಬಿಚ್ಚಿದ. ಅದರ ಮೇಲೆ ಚುಕ್ಕೆಗಳು, ನಡುವೆ ಮೇಲಕ್ಕೆ ಹತ್ತುವ ಒಂದು ಕೆಂಪು ಗೆರೆ. “ಕಂಪ್ಯೂಟರ್ನಾಗ ರಿಗ್ರೆಶನ್ ಹಚ್ಚೀನಿ, ಯಾವ ಕಾರಣಕ್ಕ ಎಷ್ಟು ಕಮ್ಮಿ ಅಂತ ಹೇಳೂ ಲೆಕ್ಕ. ಡ್ರೈವರ್ ನಾಗಸೇನ ತಂದ ನಲವತ್ತು ಲೋಡಿನಾಗ ಸರಾಸರಿ ಮೂವತ್ತೊಂದು ಕಿಲೋ ಕಮ್ಮಿ. ಬ್ಯಾರೆಯವರು ತಂದ ಐವತ್ತಾರು ಲೋಡಿನಾಗ ಸರಾಸರಿ ಒಂಬತ್ತು. ಅಂವ ಸ್ಟೇರಿಂಗ್ ಹಿಡದ ಅಂದ್ರ ಇಪ್ಪತ್ತೆರಡು ಕಿಲೋ ಮಾಯ.”

“ಮಾಯ ಆಗೂದು ಯಾರಾರ ನೋಡ್ಯಾರೇನು?”

“ಲೆಕ್ಕ ನೋಡ್ಯದಲ್ರಿ.”

ಮಲ್ಲಿಕಾರ್ಜುನಪ್ಪ ಗೆರೆಯನ್ನು ಸ್ವಲ್ಪ ಹೊತ್ತು ನೋಡಿದರು. 11:25ಕ್ಕೆ ಗುನ್ನೆ ನಂ. 7/2025 ದಾಖಲಾಯಿತು. ಭಾರತೀಯ ನ್ಯಾಯ ಸಂಹಿತೆ ಕಲಂ 316(4), ನೌಕರನಿಂದ ನಂಬಿಕೆ ದ್ರೋಹ. ಎಫ್‌ಐಆರಿನ ಸಂಶಯಿತರ ಕಾಲಮಿನಲ್ಲಿ ಒಂದೇ ಹೆಸರು: ನಾಗಸೇನ, ವಯಸ್ಸು 33, ಸಾಕಿನ್ ಸಂತಪುರ, ತಾಲೂಕು ಔರಾದ.

ಅಂದೇ ಮಧ್ಯಾಹ್ನ 3 ಗಂಟೆಗೆ ಸುದ್ದಿ ತಿಳಿದು ನಾಗಸೇನ ತಾನೇ ಬಂದ. ಜೊತೆಗೆ ಹೆಂಡತಿ ಮಹಾಮಾಯಾ. ಊರಿನ ಅಂಗನವಾಡಿಯಲ್ಲಿ ಶಿಕ್ಷಕಿ. ಹೆಡ್ ಕಾನ್‌ಸ್ಟೇಬಲ್ ಕುಬರಾ ಹೇಳಿಕೆ ಬರೆದುಕೊಳ್ಳಲು ಕುಳಿತಳು, ಪ್ರಶ್ನೆ ಇನ್ಸ್‌ಪೆಕ್ಟರರದು.

“ಲೋಡ್ ಎಲ್ಲಿ ನಿಲ್ಲಿಸ್ತಿ?”

“ಎಲ್ಲೂ ಇಲ್ರಿ.”

“ಚಹಾಕ್ಕ?”

“ಔರಾದಿನಾಗ ಹತ್ತು ಮಿನಿಟ್ರಿ. ಗಾಡಿ ಕಣ್ಣ ಮುಂದ ಇರ್ತದ.”

“ಲೋಡ್ ಕಮ್ಮಿ ಬೀಳೂದು ಗೊತ್ತಿತ್ತೇನು?”

“ಗೊತ್ತಿತ್ರಿ. ಒಣಗಿ ಕಮ್ಮಿ ಆಗ್ತದಂತ ಅನ್ಕೊಂಡಿದ್ದೆ. ನಾ ಗಾಡಿ ಹೊಡಿಯಾಂವ, ತಕ್ಕಡಿ ಹಿಡಿಯಾಂವ ಅಲ್ರಿ.”

ಮಹಾಮಾಯಾ ಚೀಲದಿಂದ ಪ್ಲಾಸ್ಟಿಕ್ ಹಾಳೆಯಲ್ಲಿ ಸುತ್ತಿದ ಪತ್ರ ತೆಗೆದಳು. ಸರ್ಕಾರಿ ಬಸ್ಸಿನ ಚಾಲಕನ ಹುದ್ದೆಗೆ ನಾಗಸೇನ ಆಯ್ಕೆಯಾಗಿದ್ದ. ಪೊಲೀಸ್ ಪರಿಶೀಲನಾ ವರದಿ ಜನವರಿ 25ರೊಳಗೆ ತಲುಪಬೇಕು. ತಲುಪದಿದ್ದರೆ ಹುದ್ದೆ ಪಟ್ಟಿಯಲ್ಲಿನ ಮುಂದಿನವನಿಗೆ.

“ಆರು ವರ್ಷ ಪರೀಕ್ಷಾ ಬರದಾರ್ರಿ ಸರ್,” ಎಂದಳು ಮಹಾಮಾಯಾ. “ಈಗ ನಿಮ್ಮ ಕಾಗದದಾಗ ಇವರ ಹೆಸರು ಅದ. ಇಂಥಾದ್ರಾಗ ಏನ್ ವರದಿ ಕಳಿಸ್ತೀರಿ?”

“ಇದ್ದದ್ದು ಇದ್ದಂಗ.”

“ಇಲ್ಲದ್ದು ಬರದ್ರ ಮಾತ್ರ ನಾ ಇಲ್ಲೇ ಕೂಡ್ತೇನಿ ನೋಡ್ರಿ, ಎದ್ದು ಹೋಗಂಗಿಲ್ಲ.”

“ಕೂಡಾಕ ಬೆಂಚ್ ಗಟ್ಟಿ ಅದವ್ವ,” ಎಂದರು ಮಲ್ಲಿಕಾರ್ಜುನಪ್ಪ. “ಆದ್ರ ಹದಿನಾರು ದಿನ ಅವ. ಮನಿಗಿ ಹೋಗ್ರಿ.”

ಜನವರಿ 10, ಶುಕ್ರವಾರ. ಇಬ್ಬರು ಪಂಚರ ಸಮಕ್ಷಮ ಲಾರಿಯ ಪಂಚನಾಮೆ ನಡೆಯಿತು. ತಾಡಪತ್ರಿಯಲ್ಲಿ ತೂತಿಲ್ಲ. ಹಲಗೆಗಳ ಸಂದಿಯಲ್ಲಿ ಒಂದು ಮುಷ್ಟಿ ಹಳೆಯ ಹೆಸರುಕಾಳು ಸಿಕ್ಕಿತು, ಅಷ್ಟೇ. ಊರಲ್ಲಿ ಹಾಕಿದ ಸೀಸದ ಮೊಹರು ಒಡೆದ ದಾಖಲೆ ಗೋದಾಮಿನ ವಹಿಯಲ್ಲಿ ಒಂದೂ ಇರಲಿಲ್ಲ. ಗಾಡಿಯ ಜಿಪಿಎಸ್ ತೆಗೆಸಿದರು: ಔರಾದಿನಲ್ಲಿ ಹತ್ತು ಹನ್ನೆರಡು ನಿಮಿಷ, ಅದು ಬಿಟ್ಟರೆ ಚಕ್ರ ನಿಂತಿಲ್ಲ.

“ಸರ್, ಗಾಡಿ ಸ್ವಚ್ಛ ಅದ,” ಎಂದಳು ಕುಬರಾ.

“ಗಾಡಿ ಸ್ವಚ್ಛ, ಗೆರಿ ಮ್ಯಾಲಕ್ಕ. ಇಬ್ಬರೊಳಗ ಒಬ್ಬರು ಪೂರ್ತಿ ಮಾತಾಡ್ವಲ್ರು.” ಮಲ್ಲಿಕಾರ್ಜುನಪ್ಪ ಅಮಿತಕುಮಾರನ ಹಾಳೆಯನ್ನು ಮಡಚಿ ಕಿಸೆಗೆ ಹಾಕಿಕೊಂಡರು. “ಈ ಗೆರಿ ಎಳೀಲಿಕ್ಕೆ ಇವಗ ಯಾರು ಕಲಿಸಿದ್ರು, ಕೇಳು.”

ಕಲಿಸಿದವರು ಭಾಲ್ಕಿಯಲ್ಲಿದ್ದರು. ಅಲ್ಲಿನ ಒಂದು ಪದವಿ ಕಾಲೇಜಿನಲ್ಲಿ ಬಿ.ಕಾಂ. ಹುಡುಗರಿಗೆ ವ್ಯವಹಾರ ಸಂಖ್ಯಾಶಾಸ್ತ್ರ ಹೇಳುವ ಉಮಾಶ್ರೀ. ಜನವರಿ 13, ಸೋಮವಾರ ಬೆಳಿಗ್ಗೆ 11ಕ್ಕೆ ಇನ್ಸ್‌ಪೆಕ್ಟರ್ ಮತ್ತು ಕುಬರಾ ಗೋದಾಮಿನ ವಹಿ ಹಿಡಿದು ಹೋದಾಗ ಉಮಾಶ್ರೀ ನಾಳಿನ ಸಂಕ್ರಾಂತಿಗೆ ಎಳ್ಳು ಹುರಿದು ಡಬ್ಬಿ ತುಂಬಿ ತಂದಿದ್ದರು. ಹಂಚುತ್ತಲೇ ಹಾಳೆ ನೋಡಿದರು. ನೋಡಿ ನಕ್ಕರು.

“ಅಮಿತ್ ಅಲ್ಲೇನ್ರಿ? ಶಾಣ್ಯಾ ಹುಡುಗ. ಆದ್ರ ಎರಡನೇ ಸೆಮಿಸ್ಟರಿನ ಕಡೀ ಪಾಠಕ್ಕ ಬಂದಿಲ್ಲ. ಅಕ್ಕನ ಮದುವಿ ಅಂತ ಇಪ್ಪತ್ತು ದಿನ ಗಾಯಬ್.”

“ಕಡೀ ಪಾಠದಾಗ ಏನಿತ್ರಿ?”

“ಇದರ ಮುಂದಿನದು. ಇಂವ ಒಂದ ಕಾರಣ ಹಿಡಿದಾನ, ಡ್ರೈವರ್. ಕಾಳು ಕಮ್ಮಿ ಆಗಾಕ ಹತ್ತು ಕಾರಣ ಇರ್ತಾವ. ಬಿಟ್ಟ ಕಾರಣದ ಭಾರ ಎಲ್ಲಾ ಹಿಡದ ಕಾರಣದ ಹೆಗಲಿಗಿ ಬೀಳ್ತದ್ರಿ ಸರ್.”

ಮಲ್ಲಿಕಾರ್ಜುನಪ್ಪ ಕುರ್ಚಿ ಮುಂದಕ್ಕೆ ಎಳೆದುಕೊಂಡರು. “ಇನ್ನೊಮ್ಮೆ ಹೇಳ್ರಿ.”

ಉಮಾಶ್ರೀ ಇನ್ನೊಮ್ಮೆ ಹೇಳಿದರು. ಆಮೇಲೆ ತಮಗೆ ಬೇಕಾದದ್ದನ್ನು ಬರೆದುಕೊಟ್ಟರು. ಒಂದೊಂದು ಲೋಡಿಗೂ ಒಟ್ಟು ತೂಕ ಎಷ್ಟು, ದಾರಿ ಎಷ್ಟು ಕಿಲೋಮೀಟರ್, ತೂಗಿದ ಮೇಲೆ ಎಷ್ಟು ದಿನ ಬಿದ್ದಿತ್ತು, ಚಾಲಕ ಯಾರು, ಆ ಲೋಡಿನಲ್ಲಿ ಎಷ್ಟು ಮಂದಿ ರೈತರ ಕಾಳು ಸೇರಿತ್ತು, ಎಂದರೆ ಎಷ್ಟು ತೂಕದ ಚೀಟಿ.

“ಚೀಟಿ ಯಾಕ್ರಿ?”

“ಗೊತ್ತಿಲ್ರಿ. ಗೊತ್ತಿಲ್ಲದ್ದಕ್ಕೇ ಕೇಳ್ತೇನಿ. ಮೊದಲೇ ಗೊತ್ತಿದ್ದದ್ದು ಅಷ್ಟೇ ಹಾಕಿದ್ರ ಅಮಿತನ ಗೆರಿನೇ ಬರ್ತದ. ಮತ್ತ ಇನ್ನೊಂದು. ಎಕಂಬಾ, ಸಂತಪುರದ ಲೋಡು ಬ್ಯಾರೆ ಡ್ರೈವರ್ ಎಂದಾರ ತಂದಾರೇನು?”

ಕುಬರಾ ವಹಿ ನೋಡಿದಳು. “ನಾಗಸೇನ ಬಸ್ ಪರೀಕ್ಷಾಕ್ಕ ರಜಾ ಹಾಕಿದಾಗ ಹನ್ನೊಂದು ಸಲ. ಅಂವ ಭಾಲ್ಕಿ ಲೋಡ್ ತಂದದ್ದು ಆರು ಸಲ.”

“ಹಾಂಗಿದ್ರ ಆತು. ಡ್ರೈವರು, ಊರು ಇಬ್ಬರೂ ಸದಾ ಜೋಡೀಲೇ ತಿರುಗಿದ್ರ, ಯಾರ ಕೈ ಅಂತ ನನ್ನ ಲೆಕ್ಕ ಹೇಳೂದಿಲ್ಲ. ಒಂದೆರಡು ಸಲ ಬ್ಯಾರೆ ಬ್ಯಾರೆ ಸಿಗಬೇಕು.”

“ನಮ್ಮ ಕಡೆನೂ ಹಂಗೇ ಅದ್ರಿ,” ಎಂದರು ಇನ್ಸ್‌ಪೆಕ್ಟರ್.

ಎರಡು ದಿನ ಕುಬರಾ ಗೋದಾಮಿನಲ್ಲಿ ಕುಳಿತು ಚೀಟಿಗಳ ಗಂಟು ಬಿಚ್ಚಿ ಎಣಿಸಿದಳು. ಸಾವಿರದ ನಾನೂರ ಐವತ್ತಾರು ಚೀಟಿ. ಭಾಲ್ಕಿ ಕಡೆ ದೊಡ್ಡ ಹಿಡುವಳಿಯವರು, ಒಂದು ಲೋಡಿಗೆ ಐದಾರು ಚೀಟಿ. ಎಕಂಬಾ, ಸಂತಪುರದ ಕಡೆ ಎರಡು ಚೀಲ ಮೂರು ಚೀಲದವರು, ಒಂದು ಲೋಡಿಗೆ ಇಪ್ಪತ್ತೈದು, ಮೂವತ್ತು. ಸಂತಪುರದವನಾದ ನಾಗಸೇನನಿಗೆ ಸಹಜವಾಗಿ ಔರಾದ ಸೀಮೆಯ ಲೋಡೇ ಹೆಚ್ಚು.

ಜನವರಿ 16, ಗುರುವಾರ, ಮಧ್ಯಾಹ್ನ 2:30. ಉಮಾಶ್ರೀ ಕಾಲೇಜಿನ ಸಿಬ್ಬಂದಿ ಕೋಣೆಯಲ್ಲಿ ಒಂದು ಹಾಳೆ ಮುಂದಿಟ್ಟರು. ಐದು ಸಾಲು, ಸಾಲಿಗೆ ನಾಲ್ಕು ಸಂಖ್ಯೆ.

“ಸರ್, ಒಂದೊಂದ ಸಾಲು ಒಬ್ಬೊಬ್ಬ ಸಾಕ್ಷಿ ಅಂತ ತಿಳೀರಿ. ಉಳಿದ ನಾಲ್ಕು ಮಂದೀನ ಕದಲಲಾರದಂಗ ಕೂಡ್ರಿಸಿ, ಒಬ್ಬರನ್ನೇ ಕೇಳೂದು: ಉಳಿದದ್ದೆಲ್ಲಾ ಇದ್ದಂಗೇ ಇದ್ದು ನೀ ಒಂದ ಹೆಜ್ಜಿ ಮುಂದ ಹೋದ್ರ ಕೊರತಿ ಎಷ್ಟು ಹೆಚ್ಚಾಗ್ತದ?”

“ಕಿಲೋಮೀಟರ್ ಏನಂತದ?”

“ಏನೂ ಇಲ್ಲ ಅಂತದ. ಲೋಡಿನ ತೂಕನೂ ಏನೂ ಇಲ್ಲ ಅಂತದ. ಒಂದಿನ ಹೆಚ್ಚು ಬಿದ್ರ ಮುನ್ನೂರು ಗ್ರಾಂ ಕಮ್ಮಿ, ಅದು ಒಣಗೂದು, ಸಹಜ.”

“ನಾಗಸೇನ?”

ಉಮಾಶ್ರೀ ಬೆರಳಿಟ್ಟರು. “ಅಮಿತನ ಹಾಳ್ಯಾಗ ಇಪ್ಪತ್ತೆರಡು ಕಿಲೋ ಇದ್ದಾಂವ, ಇಲ್ಲಿ ಆರುನೂರು ಗ್ರಾಂ. ಅದೂ ನಂಬೂ ಅಂಥಾದ್ದಲ್ಲ. ಬಾಜೂಕ ನೋಡ್ರಿ, 0.71. ಅಂವ ಏನೂ ಮಾಡದೇ ಇದ್ರೂ, ಬರೇ ಅಕಸ್ಮಾತ್ ಇಷ್ಟೋ ಇದಕ್ಕೂ ಹೆಚ್ಚೋ ಅಂತರ ಕಾಣೂದು ನೂರರಾಗ ಎಪ್ಪತ್ತೊಂದು ಸಲ ಆಗ್ತದ.”

“ನಿರಪರಾಧಿ?”

“ಹಾಂಗ ನನ್ನ ಬಾಯಿಂದ ಬರೂದಿಲ್ರಿ. ಅಂವನ ವಿರುದ್ಧ ಈ ಲೆಕ್ಕದಾಗ ಏನೂ ಉಳಿದಿಲ್ಲ, ಅಷ್ಟು ಹೇಳ್ತೇನಿ. ಉಳಿದದ್ದು ನಿಮ್ಮ ಕೆಲಸ.” ಬೆರಳು ಕೊನೆಯ ಸಾಲಿಗೆ ಇಳಿಯಿತು. “ಇದ ನೋಡ್ರಿ. ಚೀಟಿ. ಉಳಿದದ್ದೆಲ್ಲಾ ಅಷ್ಟೇ ಇದ್ದು ಒಂದ ಚೀಟಿ ಹೆಚ್ಚಾದ್ರ ಕೊರತಿ 0.98 ಕಿಲೋ ಹೆಚ್ಚು. ಅಕಸ್ಮಾತ್ ಅನ್ನಾಕ ಜಾಗಾನೇ ಇಲ್ಲ. ಹಿಂದ ಮುಂದ ಸ್ವಲ್ಪ ಜಾಗಾ ಬಿಟ್ಟು ನೋಡಿದ್ರ 0.90ರಿಂದ 1.06.”

ಮಲ್ಲಿಕಾರ್ಜುನಪ್ಪ ಹಾಳೆಯನ್ನು ತಮ್ಮ ಕಡೆ ತಿರುಗಿಸಿಕೊಂಡು ಕೊನೆಯ ಸಾಲನ್ನು ಮತ್ತೆ ಓದಿದರು. ಹೊರಗೆ ಘಂಟೆ ಹೊಡೆದು ಹುಡುಗರು ಗದ್ದಲವಾಗಿ ಇಳಿದುಹೋದರು.

“ಚೀಟಿಗೊಂದು ಕಿಲೋ,” ಎಂದರು ಕೊನೆಗೆ.

“ಹೌದ್ರಿ. ಐದು ಚೀಲ ತಂದಾಂವಗೂ ಅಷ್ಟೇ, ಐವತ್ತು ಚೀಲ ತಂದಾಂವಗೂ ಅಷ್ಟೇ.”

“ದಾರ್ಯಾಗ ಕದ್ರ ಚೀಲದ ಲೆಕ್ಕಕ್ಕ ಹೋಗಬೇಕಿತ್ತು. ಲಾರಿಗಿ ಚೀಟಿ ಗೊತ್ತಿಲ್ಲ.” ಅವರು ಎದ್ದರು. “ಚೀಟಿ ಎಲ್ಲಿ ಹುಟ್ತದ, ಕಾಳು ಅಲ್ಲೇ ಹೋಗ್ಯದ.”

ಚೀಟಿ ಹುಟ್ಟುವುದು ತಕ್ಕಡಿಯ ಬಾಯಲ್ಲಿ. ಸಂಘಕ್ಕೆ ಇದ್ದದ್ದು ಒಂದೇ ಎಲೆಕ್ಟ್ರಾನಿಕ್ ತಕ್ಕಡಿ, ಒಬ್ಬನೇ ತೂಕದಾರ. ಮೂರೂ ಊರಿಗೆ ಸರದಿಯಂತೆ ತಕ್ಕಡಿಯ ಜೊತೆ ಅವನೂ ಹೋಗುತ್ತಿದ್ದ. ಹೆಸರು ದತ್ತಾತ್ರಿ, ವಯಸ್ಸು 62, ಊರು ಎಕಂಬಾ. ಹಿಂದೆ ಗಂಜಿನ ಒಬ್ಬ ದಲ್ಲಾಳಿಯ ಅಡತಿ ಅಂಗಡಿಯಲ್ಲಿ ಮೂವತ್ತೆರಡು ವರ್ಷ ತೂಗಿದವನು.

ಮೊದಲು ತಕ್ಕಡಿಯನ್ನೇ ವಿಚಾರಿಸಿದರು. ಜನವರಿ 18, ಶನಿವಾರ ಖರೀದಿ ಇರಲಿಲ್ಲ, ತಕ್ಕಡಿ ಗೋದಾಮಿನಲ್ಲಿತ್ತು. ತೂಕ ಮತ್ತು ಅಳತೆ ಇಲಾಖೆಯ ನಿರೀಕ್ಷಕರು ಬಂದು ಕಬ್ಬಿಣದ ಬಟ್ಟು ಇಟ್ಟು ತೂಗಿದರು. ಇಪ್ಪತ್ತಕ್ಕೆ ಇಪ್ಪತ್ತು, ಐವತ್ತಕ್ಕೆ ಐವತ್ತು. ತಕ್ಕಡಿ ನಿಜವೇ ಹೇಳುತ್ತಿತ್ತು. ಪಂಚನಾಮೆ ಮುಗಿದಾಗ 12:10.

ಗೋದಾಮಿನ ಹೊರಗೆ ಗುಂಡಮ್ಮ ಎಂಬ ಎಪ್ಪತ್ತರ ಹೆಂಗಸು ಮೊರದಲ್ಲಿ ಕಸಗಾಳು ಹಸನು ಮಾಡುತ್ತಿದ್ದಳು. ನಲವತ್ತು ವರ್ಷದಿಂದ ಗಂಜಿನ ನೆಲ ಗುಡಿಸುವವಳು. ಮಲ್ಲಿಕಾರ್ಜುನಪ್ಪ ಅವಳ ಹತ್ತಿರ ಕುಕ್ಕುರುಗಾಲಲ್ಲಿ ಕುಳಿತರು.

“ಅವ್ವ, ಒಂದ ಮಾತು. ಈ ಗಂಜಿನಾಗ ಚೀಲ ಎಷ್ಟಾರ ಇರಲಿ, ಮನಷ್ಯಾಗ ಒಂದ ಕಿಲೋ ಅನ್ನೂ ಲೆಕ್ಕ ಯಾವದಾರ ಅದೇನು?”

ಗುಂಡಮ್ಮ ಮೊರ ನಿಲ್ಲಿಸಲಿಲ್ಲ. “ಏನ್ ಸಾಬ್ರ, ಗಂಜ್ ಠಾಣ್ಯಾಗ ಇದ್ದು ಮುಟಗಿ ಗೊತ್ತಿಲ್ಲೇನು? ಯಾರಿಗಾರ ಹೇಳಬ್ಯಾಡ್ರಿ, ನಗ್ತಾರ.”

“ಹೇಳವ್ವ.”

“ರೈತ ಮಾಲ್ ಸುರುವಿದ ಅಂದ್ರ ಮಾದರಿ ತೋರಸಾಕ ಒಂದ ಮುಟಗಿ, ಮುಷ್ಟಿ ತುಂಬ ಕಾಳು. ದೇವರ ಹೆಸರ್ಲೆ ಒಂದು. ತೂಕದಾರಗ ಒಂದು. ಗುಡಸೂ ನನ್ನಂಥಾಕಿಗಿ ಒಂದು. ಎಲ್ಲಾ ಕೂಡಿ ಒಂದ ಕಿಲೋ ಹಿಡೀರಿ. ಚೀಲ ನೋಡಿ ಅಲ್ಲ, ಮಾರಿ ನೋಡಿ. ನೂರು ಚೀಲದಾಂವಗ ಅದು ಧೂಳು. ಎರಡ ಚೀಲದಾಂವ ತಿರಿಗಿ ತಿರಿಗಿ ನೋಡ್ಕೋತ ಹೋಗ್ತಿದ್ದ.”

“ಈಗೂ ತಗೋತಾರೇನು?”

“ಸಂಘದಾಗ ಬಂದ್ ಮಾಡ್ಯಾರ. ಒಂದ ಕಾಳೂ ಮುಟ್ಟಂಗಿಲ್ಲ.” ಅವಳು ಕಲ್ಲು ಆರಿಸಿ ಎಸೆದಳು. “ತಗೊಂಡ್ರ ರೈತಗ ಕಮ್ಮಿ ಆಗ್ತಿತ್ತು. ನಿಮ್ಮಲ್ಲಿ ಕಮ್ಮಿ ಆದದ್ದು ಸಂಘಕ್ಕಲ್ಲೇನು? ಇದು ಉಲ್ಟಾ ಮುಟಗಿ.”

ಮಲ್ಲಿಕಾರ್ಜುನಪ್ಪ ಏಳುವಾಗ ಅವಳಿಗೆ ಕೈ ಮುಗಿದರು. ಗುಂಡಮ್ಮ, “ಕೈ ಮುಗದು ಹೋಗ್ತೀರಿ, ಚಹಾ ಕುಡಸೂದಿಲ್ಲ, ಅಲ್ಲೇನು?” ಎಂದಳು. ಚಹಾ ತರಿಸಿದರು.

ಉಲ್ಟಾ ಮುಟಗಿ ಚೀಟಿಯೊಳಗೆ ಹೇಗೆ ಹೋಯಿತು ಎಂಬುದೊಂದೇ ಉಳಿದಿತ್ತು. ಜನವರಿ 20, ಸೋಮವಾರ, ಬೆಳಿಗ್ಗೆ 9:30ರಿಂದ ಇನ್ಸ್‌ಪೆಕ್ಟರ್ ಮತ್ತು ಕುಬರಾ ಎದುರುಬದುರು ಕುಳಿತು ಚೀಟಿ ಕೂಡಿಸಿದರು. ಚೀಟಿಯಲ್ಲಿ ಚೀಲಚೀಲದ ತೂಕ ಒಂದರ ಕೆಳಗೊಂದು, ಕೆಳಗೆ ಮೊತ್ತ. ಗೋದಾಮಿನ ಗುಮಾಸ್ತ ಮೊತ್ತವನ್ನಷ್ಟೇ ವಹಿಗೆ ಏರಿಸುತ್ತಿದ್ದ.

“ಇದು ತಪ್ಪದ,” ಎಂದರು ಮಲ್ಲಿಕಾರ್ಜುನಪ್ಪ. “ಐವತ್ತು, ನಲವತ್ತೊಂಬತ್ತು, ನಲವತ್ತೆಂಟು. ಕೂಡಿದ್ರ ನೂರಾ ನಲವತ್ತೇಳು. ನೂರಾ ನಲವತ್ತೆಂಟು ಬರದಾನ.”

ಕುಬರಾ ಕ್ಯಾಲ್ಕುಲೇಟರ್ ಒತ್ತಿದಳು. “ಬರೋಬರಿ ಅದ್ರಿ ಸರ್. ನೂರಾ ನಲವತ್ತೆಂಟು.”

“ಇನ್ನೊಮ್ಮೆ ಕೂಡಿಸು.”

“ಕೂಡಿಸಿದೆ. ನಲವತ್ತೆಂಟೇ ಬರ್ತದ.”

ಇನ್ನೊಂದು ಚೀಟಿ. ಅವರಿಗೆ ಒಂದು ಹೆಚ್ಚು, ಅವಳಿಗೆ ಸರಿ. ಮತ್ತೊಂದು, ಹಾಗೆಯೇ. ಹತ್ತನೆಯ ಚೀಟಿಗೆ ಮಲ್ಲಿಕಾರ್ಜುನಪ್ಪ ಪೆನ್ನು ಕೆಳಗಿಟ್ಟು, “ಗಟ್ಟ್ಯಾಗಿ ಓದ್ಕೋತ ಕೂಡಿಸು ನೋಡೋಣ,” ಎಂದರು.

“ಒಂದು. ಐವತ್ತೆರಡು. ಐವತ್ತು…”

“ಒಂದು ಎಲ್ಲಿಂದ ಬಂತು?”

“ಇಲ್ಲೇ ಬರದದಲ್ರಿ, ಮ್ಯಾಲೆ.”

ಚೀಟಿಯ ನೆತ್ತಿಯಲ್ಲಿ ದುಂಡು ಅಕ್ಷರದಲ್ಲಿ ‘ಶ್ರೀ ೧’ ಎಂದಿತ್ತು. ಎಲ್ಲ ಚೀಟಿಯಲ್ಲೂ ಇತ್ತು. ಬರೆಯುವ ಮೊದಲು ಶ್ರೀಕಾರ ಹಾಕುವುದು ಗಂಜಿನ ಹಳೆಯ ಕೈಗಳ ರೂಢಿ. ಅಮಿತಕುಮಾರ ಅದನ್ನು ವರ್ಷವಿಡೀ ನೋಡಿದ್ದ, ಗುಮಾಸ್ತ ನೋಡಿದ್ದ. ಬೆಳಿಗ್ಗೆ ವಿಭೂತಿ ಹಚ್ಚದೆ ಮನೆ ಬಿಡದ ಮಲ್ಲಿಕಾರ್ಜುನಪ್ಪನವರ ಕಣ್ಣು ಅದನ್ನು ಮನಸ್ಸಿನಲ್ಲೇ ನಮಸ್ಕರಿಸಿ ಕೆಳಗಿಳಿದಿತ್ತು. ಅದು ಯಾರಿಗೂ ಲೆಕ್ಕದ ಅಂಕಿಯಾಗಿ ಕಂಡಿರಲಿಲ್ಲ. ಕುಬರಾ ಮಾತ್ರ ಬರೆದದ್ದನ್ನೆಲ್ಲ ಕೂಡಿಸಿದ್ದಳು.

“ನಾ ತಪ್ಪು ಮಾಡಿದೇನ್ರಿ ಸರ್?”

“ಇಲ್ಲವ್ವ. ನೀ ಒಬ್ಬಾಕೀನೇ ಸರಿ ಓದಿದಿ.”

ಇನ್ನೂರು ಚೀಟಿ ನೋಡಿದರು. ನೂರ ತೊಂಬತ್ತಾರರಲ್ಲಿ ಮೇಲಿನ ‘೧’ ಮೊತ್ತದೊಳಗೆ ಸೇರಿತ್ತು. ನಾಲ್ಕರಲ್ಲಿ ಸೇರಿಸಲು ಮರೆತಂತಿತ್ತು.

ಜನವರಿ 22, ಬುಧವಾರ, ಎಕಂಬಾದಲ್ಲಿ ಖರೀದಿ ದಿನ. ಪಂಚರಲ್ಲೊಬ್ಬರು ತಮ್ಮ ಹೊಲದ ಎರಡು ಚೀಲ ತೊಗರಿಯನ್ನು ಬೆಳಿಗ್ಗೆ 8ಕ್ಕೆ ಬೀದರಿನಲ್ಲಿ ಮೊದಲು ತೂಗಿಸಿದರು: ಐವತ್ತು ಮತ್ತು ನಲವತ್ತೆಂಟು. 12:20ಕ್ಕೆ ಅವರು ಪಂಚಾಯತಿ ಶೆಡ್ಡಿನ ಸರದಿಯಲ್ಲಿ ನಿಂತರು. ದತ್ತಾತ್ರಿ ತೆಳ್ಳಗಿನ ಮುದುಕ, ಬಿಳಿ ಟೊಪ್ಪಿಗೆ, ಕಿವಿಯ ಮೇಲೆ ಪೆನ್ಸಿಲ್. ಸರದಿಯ ಹೆಂಗಸರೊಂದಿಗೆ ಚೇಷ್ಟೆ ಮಾಡುತ್ತಲೇ ತೂಗುತ್ತಿದ್ದ.

“ವಿಮಲಾಬಾಯಿ, ಚೀಲಕ್ಕ ಆಸರ ಕೊಡಬ್ಯಾಡ, ನಿನ್ನ ಕೈ ತೂಕಾನೂ ಬರಕೋಬೇಕಾಗ್ತದ.”

“ಬರಕೋ ಮುತ್ಯಾ, ನನ್ನ ಕೈ ಹಗರ ಅದ!”

ಪಂಚರ ಕೈಗೆ ಚೀಟಿ ಬಂತು. ಶ್ರೀ ೧. ಐವತ್ತು. ನಲವತ್ತೆಂಟು. ಮೊತ್ತ ತೊಂಬತ್ತೊಂಬತ್ತು.

ಹೊರಗೆ ಕುಬರಾಳೊಂದಿಗೆ ಕಾದಿದ್ದ ಮಲ್ಲಿಕಾರ್ಜುನಪ್ಪ ಒಳಬಂದು ಚೀಟಿಯನ್ನು ದತ್ತಾತ್ರಿಯ ಮುಂದೆ ಹಿಡಿದರು. “ಮುತ್ಯಾ, ಇದು ಕೂಡಿಸು.”

ದತ್ತಾತ್ರಿ ಸಮವಸ್ತ್ರ ನೋಡಿದ, ಚೀಟಿ ನೋಡಿದ. ತಕ್ಕಡಿಯ ಗುಂಡಿ ಒತ್ತಿ ಆರಿಸಿದ.

“ತೊಂಬತ್ತೆಂಟ್ರಿ.”

“ನೀ ತೊಂಬತ್ತೊಂಬತ್ತು ಬರದಿ.”

“ಹೌದ್ರಿ. ಬರದೀನಿ.”

“ಎಷ್ಟು ದಿನದಿಂದ?”

“ಸಂಘದ ತಕ್ಕಡಿ ಮುಟ್ಟಿದ ದಿನದಿಂದ್ರಿ.”

“ರೈತರಿಗಿ ಗೊತ್ತದೇನು? ಅವರು ನಿನಗ ಏನಾರ ಕೊಡ್ತಿದ್ರೇನು?”

“ಒಂದ ತಂಬಾಕಿನ ಎಲಿನೂ ಇಲ್ರಿ. ಯಾರಿಗೂ ಹೇಳಿಲ್ಲ. ಹೇಳಿದ್ರ ಅದು ಕೊಟ್ಟಂಗ ಆಗ್ತದ. ನಂದು ತಿರಿಗಿ ಹಾಕೂದು.”

ಇನ್ಸ್‌ಪೆಕ್ಟರ್ ಕೇಳಿದರು, “ಸಂಘದ ಕೊರತಿಗಿ ಡ್ರೈವರ್ ನಾಗಸೇನನ ಹೆಸರು ಎಫ್‌ಐಆರಿನಾಗ ಬಂದದ. ಅಂವನ ಬಸ್ಸಿನ ನೌಕರಿ ನಿಂತದ. ಗೊತ್ತದೇನು?”

ಮುದುಕನ ಕೈ ಕಿವಿಯ ಮೇಲಿನ ಪೆನ್ಸಿಲ್ಲಿಗೆ ಹೋಗಿ ಅಲ್ಲೇ ನಿಂತಿತು. “ನಾಗ್ಯಾಂದು? ಅಂವ ಮಾದರಿ ಮುಟಗಿನೂ ಮುಟ್ಟಾಂವ ಅಲ್ರಿ.” ಆಮೇಲೆ, “ಮೊದಲ ಅಂವನ ಹೆಸರು ತಗೀರಿ. ನಂದು ಆಮ್ಯಾಲೆ ಬರಕೋರಿ,” ಎಂದ.

ಕುಬರಾ ಬರೆದುಕೊಂಡಳು. ಮಧ್ಯಾಹ್ನ 1:15ಕ್ಕೆ ದತ್ತಾತ್ರಿಯನ್ನು ದಸ್ತಗಿರಿ ಮಾಡಲಾಯಿತು. ನಂಬಿಕೆ ದ್ರೋಹದ ಜೊತೆಗೆ ಕಲಂ 344, ಸುಳ್ಳು ಲೆಕ್ಕ ಬರೆದದ್ದು, ಸೇರಿತು. ಜೀಪಿನಲ್ಲಿ ಕುಬರಾ ನಡುವೆ ಜಾಗ ಬಿಟ್ಟು ಅವನನ್ನು ಕಿಟಕಿಯ ಬದಿ ಕೂಡಿಸಿದಳು. ಸಂತಪುರ ದಾಟುವವರೆಗೆ ಅವನು ಹೊಲಗಳನ್ನೇ ನೋಡುತ್ತಿದ್ದ. ತೊಗರಿ ಕೊಯ್ದ ಹೊಲದಲ್ಲಿ ಆಡು ಮೇಯುತ್ತಿದ್ದವು.

ಅವನ ಹೇಳಿಕೆ ಎರಡೂವರೆ ಪುಟ ಆಯಿತು. ಅಡತಿಯಲ್ಲಿ ಮೂವತ್ತೆರಡು ವರ್ಷ, ಒಬ್ಬೊಬ್ಬ ಮಾರುವವನ ರಾಶಿಯಿಂದ ಮುಟಗಿ ತೆಗೆದ ಕೈ ತನ್ನದು. ಆಗ ಅದು ಕಳ್ಳತನವೆಂದು ಯಾರೂ ಅಂದಿರಲಿಲ್ಲ; ರೂಢಿ ಅಂದಿದ್ದರು. ಕೆಲಸ ಬಿಟ್ಟ ಮೇಲೆ ಹೆಂಡತಿ ಸುಭದ್ರಾಬಾಯಿಯ ಜೊತೆ ಒಂದು ಸಂಜೆ ಪ್ರವಚನ ಕೇಳಲು ಕುಳಿತಾಗ ಪಕ್ಕದಲ್ಲಿ ಕುಳಿತ ಹೆಂಗಸಿನ ಮುಖ ಗುರುತು ಹತ್ತಿತು. ಎರಡು ಚೀಲ ಉದ್ದು ಮಾರಿ ತಿರುಗಿ ತಿರುಗಿ ನೋಡುತ್ತ ಹೋದವಳು. ಅವತ್ತಿನಿಂದ ಮುಖಗಳೇ ಬರತೊಡಗಿದವು. ಸಂಘದವರು ತಕ್ಕಡಿಗೆ ಕರೆದಾಗ ಎರಡನೇ ಮಾತಿಲ್ಲದೆ ಒಪ್ಪಿದ. ಮನುಷ್ಯನಿಗೊಂದು ಕಿಲೋ ತೆಗೆದಿದ್ದೆ, ಮನುಷ್ಯನಿಗೊಂದು ಕಿಲೋ ತಿರುಗಿ ಹಾಕಿದೆ. ಕದ್ದು ಹಾಕಲಿಲ್ಲ, ಮೇಲೆಯೇ ಬರೆದೆ, ಯಾರಾದರೂ ಓದಬಹುದಿತ್ತು.

“ಸಂಘ ಅದೇ ರೈತರದು ಮುತ್ಯಾ,” ಎಂದಿದ್ದರು ಮಲ್ಲಿಕಾರ್ಜುನಪ್ಪ. “ಅವರ ಕಾಳಿನ ಗುಮ್ಮಿಯಿಂದ ತಗದು ಅವರ ಕೈಯಾಗ ಇಟ್ಟಿ.”

“ನಂದು ಮನಿಯಾಗ ಏನಿತ್ರಿ ತಗದು ಕೊಡಾಕ? ತಿಳಿದ ಕೆಲಸ ಒಂದೇ, ತೂಗೂದು,” ಎಂದಿದ್ದ ದತ್ತಾತ್ರಿ.

ಮರುದಿನ ನ್ಯಾಯಾಲಯಕ್ಕೆ ಹಾಜರುಪಡಿಸಿದರು, ಜಾಮೀನು ಸಿಕ್ಕಿತು. ಸುಭದ್ರಾಬಾಯಿ ಡಬ್ಬಿಯಲ್ಲಿ ರೊಟ್ಟಿ ತಂದಿದ್ದಳು. ನ್ಯಾಯಾಲಯದ ಬೇವಿನ ಗಿಡದ ಕೆಳಗೆ ಇಬ್ಬರೂ ಕುಳಿತು ಉಂಡರು. ಮುದುಕ ಚೆನ್ನಾಗಿ ನಿದ್ದೆ ಮಾಡಿದವನಂತೆ ಕಾಣುತ್ತಿದ್ದ ಎಂದು ಕುಬರಾ ಠಾಣೆಗೆ ಬಂದು ಹೇಳಿದಳು.

ಜನವರಿ 24, ಶುಕ್ರವಾರ, ಸಂಜೆ 4:20. ನಾಗಸೇನನ ಹೆಸರನ್ನು ಕೈಬಿಟ್ಟ ವರದಿ ಬೆಳಿಗ್ಗೆಯೇ ನ್ಯಾಯಾಲಯಕ್ಕೆ ಸಲ್ಲಿಕೆಯಾಗಿತ್ತು. ಪರಿಶೀಲನಾ ಪತ್ರಕ್ಕೆ ಮಲ್ಲಿಕಾರ್ಜುನಪ್ಪ ಸಹಿ ಹಾಕಿ, ಮೊಹರು ಒತ್ತಿ, ಆನ್‌ಲೈನ್ ಕಳುಹಿಸಿ, ಒಂದು ಪ್ರತಿಯನ್ನು ನಾಗಸೇನನ ಕೈಗೆ ಕೊಟ್ಟರು. ‘ಯಾವುದೇ ಪ್ರಕರಣ ಬಾಕಿ ಇರುವುದಿಲ್ಲ.’ ಮಹಾಮಾಯಾ ಅದನ್ನು ಓದಿ, ಇನ್ನೊಮ್ಮೆ ಗಟ್ಟಿಯಾಗಿ ಓದಿದಳು. ಕುಬರಾ ನಾಲ್ಕು ಚಹಾ ಹೇಳಿದಳು.

“ಯಾವ ರೂಟ್ ಕೊಡ್ತಾರಂತ?” ಎಂದರು ಇನ್ಸ್‌ಪೆಕ್ಟರ್.

“ಗೊತ್ತಿಲ್ರಿ. ಯಾವದಾರ ಆಗಲಿ, ಮಂದಿ ಕೂತ ಗಾಡಿ. ತೂಗಿ ಇಳಸೂದಿಲ್ಲ,” ಎಂದ ನಾಗಸೇನ. ಮಹಾಮಾಯಾ ನಕ್ಕಳು. ಇನ್ಸ್‌ಪೆಕ್ಟರ್ ಕೂಡ ನಕ್ಕರು.

ಆಗ ಅಮಿತಕುಮಾರ ಬಾಗಿಲಲ್ಲಿ ಕಾಣಿಸಿದ. ಒಳಗೆ ಬಂದು ನಿಂತ. ಕುಬರಾ ಐದನೆಯ ಚಹಾ ತರಿಸಿ ಅವನ ಕೈಗೂ ಕೊಟ್ಟಳು.

“ನಿನ್ನೆ ಭಾಲ್ಕಿಗಿ ಹೋಗಿದ್ದೆ. ಮೇಡಮ್ಮರು ಮತ್ತ ಕ್ಲಾಸಿಗಿ ಕೂಡಂದ್ರು,” ಎಂದ. “ಕೂತೆ. ಫಸ್ಟ್ ಬೆಂಚು.”

“ತಿಳೀತೇನು?”

“ತಿಳೀತ್ರಿ.” ಅವನು ನಾಗಸೇನನ ಕಡೆ ತಿರುಗಿದ. “ತಪ್ಪು ಆತಪ್ಪಾ. ಒಂದ ಗೆರಿ ನೋಡಿ ನಿನ್ನ ಹೆಸರು ಬರದೆ.”

“ಇರಲಿ ತಗೋರಿ,” ಎಂದ ನಾಗಸೇನ.

ಅಮಿತಕುಮಾರ ಅಂಗಿಯ ಕಿಸೆಯಿಂದ ಟೈಪು ಮಾಡಿದ ಹಾಳೆ ತೆಗೆದು ಮೇಜಿನ ಮೇಲೆ ಬಿಚ್ಚಿದ. ‘ನಾನು ಸ್ವಇಚ್ಛೆಯಿಂದ ಕೆಲಸ ಬಿಡುತ್ತಿದ್ದು, ಸದರಿ ದೂರಿನಿಂದ ನನಗೆ ಯಾವುದೇ ತೊಂದರೆಯಾಗಿರುವುದಿಲ್ಲ.’ ಕೆಳಗೆ ಸಹಿಗೆ ಚುಕ್ಕೆ ಗೆರೆ.

“ನಾಳೆ ಬೋರ್ಡ್ ಮೀಟಿಂಗ್ ಅದ. ಜರಾ ಸಹಿ ಮಾಡು, ನನಗ ಅಲ್ಲಿ ಉತ್ತರ ಕೊಡೂದು ಹಗರ ಆಗ್ತದ.”

ನಾಗಸೇನ ಹಾಳೆಯನ್ನು ಎರಡು ಸಲ ಓದಿದ. ಹದಿನಾರು ದಿನ ಮನೆಯಲ್ಲಿ ಯಾರ ಗಂಟಲಿಗೂ ಅನ್ನ ಸರಿಯಾಗಿ ಇಳಿದಿರಲಿಲ್ಲ. ಹಾಳೆಯನ್ನು ಮಡಿಕೆಗೆ ಮಡಿಕೆ ಕೂಡಿಸಿ ತಿರುಗಿ ಸರಿಸಿದ.

“ನನ್ನ ಮ್ಯಾಲೆ ಸಿಟ್ಟದೇನು ನಾಗಸೇನ?”

“ಸಿಟ್ಟಿಲ್ರಿ. ಖರೇನ ಇಲ್ಲ.”

ಅಮಿತಕುಮಾರ ಪೆನ್ನಿನ ಮುಚ್ಚಳ ತೆಗೆದು ಮುಂದೆ ಹಿಡಿದ. “ಮತ್ತ, ಇಷ್ಟ ಸಹಿ ಮಾಡಿಬಿಡು.”

“ಮಾಡಂಗಿಲ್ರಿ,” ಎಂದ ನಾಗಸೇನ.